ನಾಲ್ಕು ವರ್ಷದ ಸೆರೆ: ಸುರಪುರದ ರಾಜಾ ವೆಂಕಟಪ್ಪ ನಾಯಕರ ಬದುಕು

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ಕಲಬುರಗಿಗೆ ಬಂದಿಳಿಯುವವರ ನಡುವೆ ಕೆಲವರನ್ನು ನೀವು ಗಮನಿಸಿರಬಹುದು. ಅವರ ಕೈಯಲ್ಲಿ ಒಂದು ಸಣ್ಣ ಬಟ್ಟೆಯ ಗಂಟು ಇರುತ್ತದೆ. ಅವರು ಸಂತೆಗೂ ಬಂದಿರುವುದಿಲ್ಲ, ಆಸ್ಪತ್ರೆಗೂ ಬಂದಿರುವುದಿಲ್ಲ. ಕೇಂದ್ರ ಕಾರಾಗೃಹದಲ್ಲಿರುವ ಮಗನನ್ನೋ ಗಂಡನನ್ನೋ ತಮ್ಮನನ್ನೋ ಕಾಣಲು ಬಂದಿರುತ್ತಾರೆ. ಎಲ್ಲಿಗೆ ಹೊರಟಿರಿ ಎಂದು ಪಕ್ಕದಲ್ಲಿ ಕುಳಿತವರು ಕೇಳಿದರೆ ಬೇರೆ ಏನೋ ಕೆಲಸದ ನೆಪ ಹೇಳುತ್ತಾರೆ. ಸಂಜೆಯ ಬಸ್ಸಿನಲ್ಲಿ ಮರಳುವಾಗ ಅವರು ಯಾರೊಂದಿಗೂ ಮಾತನಾಡುವುದಿಲ್ಲ.

ಇಂತಹ ಮನೆಗಳ ವಿಷಯ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಎಷ್ಟು ವರ್ಷ ಆಯಿತು ಎಂಬುದು. ಮೂರು, ಏಳು, ಹತ್ತು, ಜೀವಾವಧಿ ಎಂದು ನಾವು ಲೆಕ್ಕ ಹಾಕುತ್ತೇವೆ. ಈ ಲೆಕ್ಕ ಹೊರಗಿರುವವರದು. ಒಳಗಿರುವವನು ವರ್ಷಗಳನ್ನು ಬದುಕುವುದಿಲ್ಲ, ಒಂದೊಂದೇ ರಾತ್ರಿಯನ್ನು ಬದುಕುತ್ತಾನೆ. ಕಾಗದದ ಮೇಲೆ ಬರೆದ ಅಂಕಿಗೂ ಮನುಷ್ಯನ ಎದೆಯ ಒಳಗೆ ಇಳಿಯುವ ಅಂಕಿಗೂ ಎಷ್ಟು ಅಂತರವಿದೆಯೆಂಬುದನ್ನು ತಿಳಿಯಲು ನಮ್ಮದೇ ನೆಲದ ಒಬ್ಬ ಅರಸನ ಬದುಕನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ. ಸುರಪುರದ ರಾಜಾ ವೆಂಕಟಪ್ಪ ನಾಯಕರ ಹೆಸರನ್ನು ನೀವು ಶಾಲೆಯ ಪಾಠದಲ್ಲಿ ಓದಿರುತ್ತೀರಿ. 1857ರ ದಂಗೆಯ ವೀರರ ಸಾಲಿನಲ್ಲಿ ಅವರ ಹೆಸರಿದೆ. ಆದರೆ ಅವರ ಕೊನೆಯ ಮೂರು ತಿಂಗಳುಗಳು ಸೆರೆಯ ಬಗ್ಗೆ ಕಲಿಸುವ ಪಾಠವನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಗುಡ್ಡದ ಊರು, ಎಳೆಯ ಅರಸ

ಕಲಬುರಗಿಯಿಂದ ಹೊರಟು ಕಟ್ಟಿಸಂಗಾವಿಯಲ್ಲಿ ಭೀಮಾ ನದಿಯನ್ನು ದಾಟಿ, ಜೇವರ್ಗಿ, ಶಹಾಪುರಗಳನ್ನು ಹಾದು ದಕ್ಷಿಣಕ್ಕೆ ಸಾಗಿದರೆ ಕಲ್ಲುಗುಡ್ಡಗಳ ನಡುವೆ ಸುರಪುರ ಕಾಣಿಸುತ್ತದೆ. ಇಂದು ಅದು ಯಾದಗಿರಿ ಜಿಲ್ಲೆಯ ತಾಲೂಕು ಕೇಂದ್ರ. ಅಂದು ಅದು ಬೇಡ ನಾಯಕರ ಗೋಸಲ ವಂಶದ ಸಂಸ್ಥಾನದ ರಾಜಧಾನಿಯಾಗಿತ್ತು. ಈ ಬೇಡ ವೀರರ ಪರಾಕ್ರಮ ಸಾಮಾನ್ಯವಾದುದಲ್ಲ. ಮೊಗಲ್ ಚಕ್ರವರ್ತಿ ಔರಂಗಜೇಬನು ತನ್ನ ಇಳಿವಯಸ್ಸಿನಲ್ಲಿ, 1705ರಲ್ಲಿ, ಸ್ವತಃ ಬಂದು ಮುತ್ತಿಗೆ ಹಾಕಿದ್ದು ಇವರ ವಾಗಿನಗೇರಾ ಕೋಟೆಗೆ. ಕೋಟೆ ಕೈವಶವಾದರೂ ನಾಯಕ ಕೈಗೆ ಸಿಗಲಿಲ್ಲ. ಗುಡ್ಡ, ಗವಿ, ಕುರುಚಲು ಕಾಡು, ಬಯಲ ಗಾಳಿ ಇವೇ ಈ ಜನರ ಮನೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ರಾಜಾ ಕೃಷ್ಣಪ್ಪ ನಾಯಕರು 1841ರಲ್ಲಿ ತೀರಿಕೊಂಡಾಗ ಅವರ ಮಗ ವೆಂಕಟಪ್ಪ ಏಳೆಂಟು ವರ್ಷದ ಬಾಲಕ. ರಾಣಿ ಈಶ್ವರಮ್ಮ ಮಗನ ಪರವಾಗಿ ಆಡಳಿತ ನಡೆಸಬೇಕಾಯಿತು. ಸಂಸ್ಥಾನದ ಮೇಲೆ ಸಾಲದ ಹೊರೆ ಇತ್ತು. ಹೈದರಾಬಾದಿನ ನಿಜಾಮರಿಗೆ ಕೊಡಬೇಕಾದ ಕಪ್ಪ ಬಾಕಿ ಇತ್ತು. ಸಿಂಹಾಸನಕ್ಕಾಗಿ ಮನೆಯೊಳಗೇ ಕಲಹವಿತ್ತು. ಇದನ್ನು ಸರಿಪಡಿಸುವ ನೆಪದಲ್ಲಿ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟರು ಒಬ್ಬ ಅಧಿಕಾರಿಯನ್ನು ಸುರಪುರಕ್ಕೆ ಕಳುಹಿಸಿದರು. ಅವರೇ ಫಿಲಿಪ್ ಮೆಡೋಸ್ ಟೇಲರ್. ಹದಿನೈದರ ಹರೆಯದಲ್ಲಿ ಹಿಂದೂಸ್ಥಾನಕ್ಕೆ ಬಂದು ನಿಜಾಮರ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಈ ಆಂಗ್ಲರು ಇಲ್ಲಿಯ ಭಾಷೆಗಳನ್ನು ಬಲ್ಲವರಾಗಿದ್ದರು. 1853ರವರೆಗೆ ಅವರು ಸುರಪುರದ ಆಡಳಿತ ನೋಡಿಕೊಂಡರು. ಬೋನಾಳದ ದೊಡ್ಡ ಕೆರೆ, ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವರ ನೆನಪನ್ನು ಇಂದಿಗೂ ಉಳಿಸಿವೆ.

ತಂದೆಯಿಲ್ಲದ ಬಾಲಕನು ಟೇಲರರನ್ನು ಅಪ್ಪಾ ಎಂದೇ ಕರೆಯುತ್ತ ಬೆಳೆದನು. ಓದು, ಕುದುರೆ ಸವಾರಿ, ಬೇಟೆ ಎಲ್ಲವನ್ನೂ ಕಲಿತನು. ನಾವು ಇಲ್ಲಿ ಹೇಳುತ್ತಿರುವ ಅನೇಕ ವಿವರಗಳು ದೊರೆಯುವುದು ಟೇಲರರ ಆತ್ಮಕಥೆಯಲ್ಲಿ. ಅದು ಅವರು ತೀರಿಕೊಂಡ ಮರುವರ್ಷ, 1877ರಲ್ಲಿ, ಅಚ್ಚಾಯಿತು. ಅವರು ಆಳುವವರ ಪಕ್ಷದವರು ಎಂಬುದನ್ನು ಮರೆಯದೆ ಅದನ್ನು ಓದಬೇಕು. ಆದರೂ ಆ ಬಾಲಕನ ಬಗ್ಗೆ ಬರೆಯುವಾಗ ಅವರ ಲೇಖನಿಯಲ್ಲಿ ಮಮತೆ ಇದೆ.

1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕರಿಗೆ ರಾಜ್ಯವನ್ನು ಒಪ್ಪಿಸಿ ಟೇಲರ್ ಬೇರೆ ಜಿಲ್ಲೆಗೆ ಹೊರಟುಹೋದರು. ಕೈಯಲ್ಲಿ ಅಧಿಕಾರ, ಸುತ್ತ ಹೊಗಳುಭಟರು, ಕಿವಿಯಲ್ಲಿ ಹತ್ತು ಬಗೆಯ ಮಾತು. ಎಳೆಯ ಅರಸ ದುಂದುಗಾರಿಕೆಗೆ ಬಿದ್ದರೆಂದು ಟೇಲರ್ ದೂರುತ್ತಾರೆ. ಇದು ನಿಜವಿರಬಹುದು. ಆದರೆ ತನ್ನ ತಾತ ಮುತ್ತಾತಂದಿರು ಚಕ್ರವರ್ತಿಗಳಿಗೂ ಬಗ್ಗದೆ ಆಳಿದ ನೆಲದಲ್ಲಿ ಪರದೇಶಿ ಅಧಿಕಾರಿಯ ಅಪ್ಪಣೆಗೆ ಕಾಯಬೇಕಾದ ನೋವು ಆ ಯುವಕನಿಗೆ ಇತ್ತೆಂಬುದೂ ಅಷ್ಟೇ ನಿಜ.

1858ರ ಫೆಬ್ರವರಿ

1857ರಲ್ಲಿ ಉತ್ತರದಲ್ಲಿ ದಂಗೆಯ ಕಿಚ್ಚು ಹೊತ್ತಿದಾಗ ದಕ್ಷಿಣದ ಸಂಸ್ಥಾನಗಳಲ್ಲೂ ಒಳಗೊಳಗೇ ಮಾತುಕತೆ ನಡೆಯಿತು. ಸುರಪುರದಲ್ಲಿ ಬೇಡ ಯೋಧರೊಂದಿಗೆ ಅರಬರು, ರೋಹಿಲ್ಲಾ ಪಠಾಣರು ಸೇರತೊಡಗಿದರು. ಬೇರೆ ಬೇರೆ ಧರ್ಮದ, ಬೇರೆ ಬೇರೆ ಭಾಷೆಯ ಜನ ಒಂದೇ ಗುಡ್ಡದ ಮೇಲೆ ಒಂದೇ ಉದ್ದೇಶಕ್ಕಾಗಿ ನಿಂತರು. ವಿಷಯ ತಿಳಿದ ರೆಸಿಡೆಂಟ್ ಕರ್ನಲ್ ಡೇವಿಡ್‌ಸನ್ ಅವರು ಕ್ಯಾಪ್ಟನ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯನ್ನು ಬುದ್ಧಿವಾದ ಹೇಳಲು ಕಳುಹಿಸಿದರು. ಅದು ಫಲಿಸಲಿಲ್ಲ.

1858ರ ಫೆಬ್ರವರಿ 7ರಂದು ಲಿಂಗಸುಗೂರಿನಿಂದ ಬಂದ ಸೇನೆ ಸುರಪುರದ ಹತ್ತಿರ ಡೇರೆ ಹಾಕಿತು. ಅಂದು ರಾತ್ರಿ ಆ ಡೇರೆಗಳ ಮೇಲೆ ದಾಳಿ ನಡೆಯಿತು. ಮರುದಿನ ಬ್ರಿಟಿಷರಿಗೆ ಇನ್ನಷ್ಟು ಸೇನೆ ಬಂದು ಕೂಡಿಕೊಂಡಿತು. ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತನು. ಸುರಪುರದ ಕಡೆಯೂ ಅನೇಕರು ಮಡಿದರು. ಗೆಲ್ಲುವ ದಾರಿಯಿಲ್ಲವೆಂದು ಕಂಡಾಗ ಅಂದು ರಾತ್ರಿ ರಾಜರು ಕೆಲವೇ ಸಂಗಡಿಗರೊಂದಿಗೆ ಊರು ಬಿಟ್ಟು ಹೈದರಾಬಾದಿನ ದಾರಿ ಹಿಡಿದರು. ಅಲ್ಲಿ ಸಹಾಯ ಸಿಗಬಹುದೆಂಬ ಆಸೆ ಇದ್ದಿರಬೇಕು. ಆದರೆ ನಗರದಲ್ಲಿ ಅವರು ಸಿಕ್ಕಿಬಿದ್ದರು. ನಿಜಾಮರ ದಿವಾನರಾದ ಸಾಲಾರ್ ಜಂಗ್ ಅವರು ರಾಜರನ್ನು ರೆಸಿಡೆಂಟರ ವಶಕ್ಕೆ ಒಪ್ಪಿಸಿದರು.

ಸಿಕಂದರಾಬಾದಿನ ಸೆರೆಯಲ್ಲಿ

ನೋಡಿ ಓದುಗರೇ, ಕೆಲವೇ ವಾರಗಳ ಹಿಂದೆ ಸಾವಿರಾರು ಜನರ ಒಡೆಯನಾಗಿದ್ದವರು ಈಗ ಸಿಕಂದರಾಬಾದಿನ ದಂಡಿನ ಸೆರೆಯಲ್ಲಿ ನಾಲ್ಕು ಗೋಡೆಗಳ ನಡುವೆ ಕುಳಿತಿದ್ದಾರೆ. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು.

ಸುರಪುರದ ಆಡಳಿತಕ್ಕೆ ಮರಳಿ ನೇಮಕಗೊಂಡ ಟೇಲರ್ ಹೈದರಾಬಾದಿನ ಮೂಲಕ ಹೋಗುವಾಗ ಅವರನ್ನು ಸೆರೆಮನೆಯಲ್ಲಿ ಕಂಡರು. ತಾನು ಮಡಿಲಲ್ಲಿ ಕೂರಿಸಿಕೊಂಡು ಬೆಳೆಸಿದ ಹುಡುಗ ಕೈದಿಯಾಗಿ ಎದುರಿಗಿದ್ದನು. ಆ ಭೇಟಿಯಲ್ಲಿ ನಡೆದುದನ್ನು ಟೇಲರ್ ದಾಖಲಿಸಿದ್ದಾರೆ. ಯಾರು ಯಾರು ಈ ಕೆಲಸಕ್ಕೆ ಪ್ರೇರೇಪಿಸಿದರೆಂದು ಹೇಳಿಬಿಟ್ಟರೆ ದಯೆ ದೊರೆಯುವ ಸಂಭವವಿತ್ತು. ರಾಜರು ಹೇಳಲಿಲ್ಲ. ಪ್ರಾಣಭಿಕ್ಷೆ ಬೇಡಲೂ ಒಪ್ಪಲಿಲ್ಲ. ಕಳ್ಳನಂತೆ ತನ್ನನ್ನು ನೇಣಿಗೆ ಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಎಂಬುದಷ್ಟೇ ಅವರ ಬೇಡಿಕೆಯಾಗಿತ್ತು.

ಅದರೊಂದಿಗೆ ಇನ್ನೂ ಒಂದು ಮಾತನ್ನು ಅವರು ತಿಳಿಸಿದರು. ಸೆರೆವಾಸ ಮತ್ತು ಗಡೀಪಾರು ತನಗೆ ಸಾವಿಗಿಂತ ಕಠೋರವೆಂದು, ತನ್ನ ಜನರಲ್ಲಿ ತೀರಾ ಬಡವನಾದ ಬೇಡನೂ ಬಂದೀಖಾನೆಯಲ್ಲಿ ಬದುಕಲಾರನೆಂದು, ಹೀಗಿರುವಾಗ ಅವರ ಅರಸನಾದ ತಾನು ಹೇಗೆ ಬದುಕಲಿ ಎಂದು ಅವರು ಕೇಳಿದರು. ಗುಡ್ಡ ಮತ್ತು ಬಯಲ ಗಾಳಿಯ ಮಾತನ್ನು ನೆನಪಿನಲ್ಲಿಡಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿ. ಸಾವನ್ನು ನೇರವಾಗಿ ನೋಡಬಲ್ಲ ಧೈರ್ಯವಂತನಿಗೂ ಬೀಗ ಹಾಕಿದ ಬಾಗಿಲು ಭಯ ಹುಟ್ಟಿಸಿತು.

ಎರಡು ಬಾರಿ ಬದಲಾದ ಶಿಕ್ಷೆ

ಸೈನಿಕ ನ್ಯಾಯಮಂಡಳಿ ವಿಚಾರಣೆ ನಡೆಸಿ ರಾಜರಿಗೆ ಮರಣದಂಡನೆ ವಿಧಿಸಿತು. ರೆಸಿಡೆಂಟ್ ಡೇವಿಡ್‌ಸನ್ ತಮ್ಮ ಅಧಿಕಾರವನ್ನು ಬಳಸಿ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದರು. ಅಂದಿನ ಮಾತಿನಲ್ಲಿ ಇದು ಕರಿನೀರಿನ ಶಿಕ್ಷೆ. ಸರಿಯಾಗಿ ಅದೇ ವರ್ಷ, 1858ರ ಮಾರ್ಚ್ 10ರಂದು, ದಂಗೆಯ 200 ಕೈದಿಗಳನ್ನು ಹೊತ್ತ ಹಡಗು ಅಂಡಮಾನಿನ ಪೋರ್ಟ್ ಬ್ಲೇರ್ ತಲುಪಿ ಅಲ್ಲಿ ಕೈದಿಗಳ ವಸಾಹತು ಆರಂಭವಾಗಿತ್ತು. ಬಳಿಕ ಪ್ರಕರಣ ಗವರ್ನರ್ ಜನರಲ್ ಕ್ಯಾನಿಂಗ್ ಅವರ ಮುಂದೆ ಹೋಯಿತು. ಅವರು ಶಿಕ್ಷೆಯನ್ನು ಇನ್ನೂ ಇಳಿಸಿ ಮದರಾಸಿನ ಬಳಿಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದು ತೀರ್ಮಾನಿಸಿದರು. ಪತ್ನಿಯರಲ್ಲಿ ಕೆಲವರು ಜೊತೆಗಿರಬಹುದಿತ್ತು. ನಡತೆ ಸರಿಯೆಂದು ಕಂಡರೆ ಅವಧಿ ಮುಗಿದ ಮೇಲೆ ಸಂಸ್ಥಾನವೂ ಮರಳಿ ದೊರೆಯಬಹುದಿತ್ತೆಂದು ಟೇಲರ್ ಬರೆಯುತ್ತಾರೆ.

ಒಮ್ಮೆ ಯೋಚಿಸಿ. ನೇಣಿನಿಂದ ಕರಿನೀರಿಗೆ, ಕರಿನೀರಿನಿಂದ ನಾಲ್ಕು ವರ್ಷಕ್ಕೆ. ಅಂಕಿಯ ಲೆಕ್ಕದಲ್ಲಿ ನೋಡಿದರೆ ಇದಕ್ಕಿಂತ ದೊಡ್ಡ ರಿಯಾಯಿತಿ ಇನ್ನೇನಿದೆ? ಇಪ್ಪತ್ತನಾಲ್ಕರ ಯುವಕ ಇಪ್ಪತ್ತೆಂಟಕ್ಕೆ ಮನೆಗೆ ಮರಳುತ್ತಿದ್ದನು. ಇಡೀ ಬಾಳು ಮುಂದಿತ್ತು.

ಆದರೆ ಹಾಗಾಗಲಿಲ್ಲ. 1858ರ ಮೇ ತಿಂಗಳಲ್ಲಿ ಕಾವಲಿನೊಂದಿಗೆ ಹೈದರಾಬಾದಿನಿಂದ ಹೊರಟ ರಾಜರ ಪಯಣ ಮೊದಲ ತಂಗುದಾಣದಲ್ಲೇ ಮುಗಿದುಹೋಯಿತು. ಕಾವಲು ಅಧಿಕಾರಿ ಡೇರೆಯಿಂದ ಹೊರಗೆ ಹೋದ ಹೊತ್ತಿನಲ್ಲಿ, ಒಳಗೆ ಬಿಟ್ಟಿದ್ದ ಅವನದೇ ರಿವಾಲ್ವರಿನ ಗುಂಡಿಗೆ ರಾಜರು ಬಲಿಯಾದರು. ಅವರು ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡರೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಆ ಕ್ಷಣದಲ್ಲಿ ಅವರ ಮನದಲ್ಲಿ ಏನಿತ್ತೆಂಬುದನ್ನು ಸೃಷ್ಟಿಕರ್ತನೊಬ್ಬನೇ ಬಲ್ಲನು. ಸುದ್ದಿ ಸುರಪುರ ತಲುಪಿತು. ಸಂಸ್ಥಾನವನ್ನು ಬ್ರಿಟಿಷರು ವಶಪಡಿಸಿಕೊಂಡರು. 1860ರ ಒಪ್ಪಂದದಲ್ಲಿ ಅದನ್ನು ನಿಜಾಮರಿಗೆ ಬಿಟ್ಟುಕೊಟ್ಟರು. ಅಲ್ಲಿಗೆ ಸುರಪುರದ ಅರಸೊತ್ತಿಗೆ ಮುಗಿಯಿತು.

ಪ್ರಾಣವು ಅಲ್ಲಾಹನು ಕೊಟ್ಟ ಅಮಾನತ್ತು, ಅದನ್ನು ಕೈಯಾರೆ ಕಳೆಯುವ ಹಕ್ಕು ಮನುಷ್ಯನಿಗೆ ಇಲ್ಲವೆಂಬುದು ನಮ್ಮ ವಿಶ್ವಾಸ. ಆದರೆ ಇಲ್ಲಿ ಕುಳಿತು ಆ ಯುವಕನ ಮೇಲೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಶಿಕ್ಷೆಯನ್ನು ಇಳಿಸುವ ಅಧಿಕಾರ ಇದ್ದವರು ಅದನ್ನು ಇಳಿಸಿದರು. ಅವರ ಎದೆಯಲ್ಲಿ ಭರವಸೆಯನ್ನು ಏರಿಸುವ ಕೆಲಸ ಯಾರದಾಗಿತ್ತು? ನಾಲ್ಕು ವರ್ಷವನ್ನು ದಾಟಬಹುದೆಂದು, ಹೊರಗೆ ನಿನ್ನವರು ಕಾಯುತ್ತಿದ್ದಾರೆಂದು, ಆ ಡೇರೆಯಲ್ಲಿ ಪಕ್ಕದಲ್ಲಿ ಕುಳಿತು ಹೇಳಲು ಅವರ ಸ್ವಂತದವರು ಒಬ್ಬರಾದರೂ ಇದ್ದಿದ್ದರೆ?

ಹದಿನೆಂಟು ವರ್ಷ ದಾಟಿದ ಇನ್ನೊಬ್ಬರು

ಇದೇ ಕಾಲದ ಇನ್ನೊಬ್ಬ ಕೈದಿಯ ಕಥೆಯನ್ನೂ ಕೇಳಿ. ಪಂಜಾಬಿನ ಥಾನೇಸರದ ಮೌಲಾನಾ ಮುಹಮ್ಮದ್ ಜಾಫರ್ ಅವರಿಗೂ ಬ್ರಿಟಿಷ್ ಸರಕಾರದ ವಿರುದ್ಧ ಪಿತೂರಿ ಮಾಡಿದ ಆರೋಪದ ಮೇಲೆ 1864ರಲ್ಲಿ ಅಂಬಾಲಾದ ನ್ಯಾಯಾಲಯ ಮರಣದಂಡನೆ ವಿಧಿಸಿತು. ಅವರ ಶಿಕ್ಷೆಯೂ ಜೀವಾವಧಿ ಗಡೀಪಾರಿಗೆ ಇಳಿಯಿತು. 1866ರ ಆರಂಭದಲ್ಲಿ ಅವರು ಅಂಡಮಾನಿಗೆ ಬಂದಿಳಿದರು. ಅವರಿಗೆ ಯಾವ ನಾಲ್ಕು ವರ್ಷದ ಮಾತೂ ಇರಲಿಲ್ಲ. ಮುಂದೆ ಸಮುದ್ರ, ಹಿಂದೆ ಕಾಡು, ಅವಧಿ ಸಾಯುವವರೆಗೆ.

ಅವರು ಏನು ಮಾಡಿದರು ಗೊತ್ತೇ? ಇಂಗ್ಲಿಷ್ ಕಲಿತರು. ಕಚೇರಿಯಲ್ಲಿ ಮುನ್ಶಿಯ ಕೆಲಸ ಮಾಡಿದರು. ಅಲ್ಲಿಯೇ ಮದುವೆಯಾದರು, ಮಕ್ಕಳನ್ನು ಬೆಳೆಸಿದರು. ನಮಾಝ್ ಅವರ ದಿನವನ್ನು ಐದು ಭಾಗ ಮಾಡಿ ಒಂದೊಂದನ್ನೂ ದಾಟಿಸುತ್ತಿತ್ತು. 1883ರಲ್ಲಿ ಬಿಡುಗಡೆಯಾಗಿ ಅವರು ತಾಯ್ನೆಲಕ್ಕೆ ಮರಳಿದರು. ಸುಮಾರು ಹದಿನೆಂಟು ವರ್ಷ! ತಮ್ಮ ಅನುಭವವನ್ನು ಉರ್ದುವಿನಲ್ಲಿ ಬರೆದರು. ಕಾಲಾಪಾನಿ ಎಂಬ ಹೆಸರಿನಲ್ಲಿ ಆ ಪುಸ್ತಕ ಪ್ರಸಿದ್ಧವಾಯಿತು.

ಈ ಹೋಲಿಕೆಯಿಂದ ಸುರಪುರದ ಅರಸನನ್ನು ಸಣ್ಣವನನ್ನಾಗಿ ಮಾಡುವ ಉದ್ದೇಶ ನಮಗಿಲ್ಲ. ಇಬ್ಬರ ಸ್ಥಿತಿಯೂ ಒಂದೇ ಆಗಿರಲಿಲ್ಲ. ಮೌಲಾನಾರ ಜೊತೆ ಸೆರೆಯಲ್ಲಿ ಅವರ ಸಂಗಡಿಗರಿದ್ದರು. ಕೈಗೆ ಕೆಲಸವಿತ್ತು. ಪ್ರಾರ್ಥನೆಯಿತ್ತು. ಬಹುಕಾಲ ಸನ್ನಡತೆಯಿಂದ ಇದ್ದ ಕೈದಿಗೆ ದ್ವೀಪದಲ್ಲೇ ಸ್ವಂತ ದುಡಿಮೆ ಮಾಡಿ ಸಂಸಾರ ಹೂಡಲು ಆ ವಸಾಹತಿನ ನಿಯಮಗಳು ಎಡೆಕೊಡುತ್ತಿದ್ದವು. ಜೊತೆಗಾರ, ಕೆಲಸ, ಪ್ರಾರ್ಥನೆ ಮತ್ತು ಎಂದಾದರೊಂದು ದಿನ ತೆರೆಯಬಹುದಾದ ಬಾಗಿಲು. ದೀರ್ಘ ಸೆರೆಯನ್ನು ಮನುಷ್ಯನು ದಾಟುವುದು ಇವುಗಳ ಬಲದಿಂದ. ಇವಿಲ್ಲದಿದ್ದರೆ ನಾಲ್ಕು ವರ್ಷವೂ ಕಡಲಾಗುತ್ತದೆ.

ಸೆರೆಯಾಳಿನ ಹಕ್ಕು

ಪವಿತ್ರ ಕುರ್‌ಆನ್ ಹೇಳುವ ಪ್ರವಾದಿ ಯೂಸುಫ್(ಅ)ರ ವೃತ್ತಾಂತ ನಿಮಗೆ ತಿಳಿದೇ ಇದೆ. ನಿರಪರಾಧಿಯಾಗಿ ಸೆರೆ ಸೇರಿದ ಅವರು ಜೊತೆಯ ಇಬ್ಬರು ಕೈದಿಗಳಿಗೆ ಅಲ್ಲಿಯೇ ಸತ್ಯಬೋಧನೆ ಮಾಡಿದರು. ಬಿಡುಗಡೆಯಾಗಲಿದ್ದವನಿಗೆ ತನ್ನ ವಿಷಯವನ್ನು ಒಡೆಯನಿಗೆ ತಿಳಿಸಲು ಹೇಳಿದರು. ಹೊರಗೆ ಹೋದವನು ಮರೆತುಬಿಟ್ಟನು. ಯೂಸುಫ್(ಅ) ಇನ್ನೂ ಹಲವು ವರ್ಷ ಒಳಗೇ ಉಳಿದರು. ಹೊರಗಿರುವವನ ಒಂದು ಮರೆವು ಒಳಗಿರುವವನ ಎಷ್ಟು ವರ್ಷಗಳನ್ನು ನುಂಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕೇ? ಕೊನೆಗೆ ಅರಸನ ಕರೆ ಬಂದಾಗಲೂ ಅವರು ಓಡಿಹೋಗಲಿಲ್ಲ. ಮೊದಲು ತನ್ನ ಮೇಲಿನ ಆರೋಪದ ತನಿಖೆಯಾಗಲಿ ಎಂದು ಬಯಸಿದರು.

ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಪ್ರತ್ಯೇಕ ಸೆರೆಮನೆ ಇರಲಿಲ್ಲ. ಸುಮಾಮಾ ಬಿನ್ ಉಸಾಲ್ ಎಂಬ ಶತ್ರು ಮುಖಂಡನನ್ನು ಮಸೀದಿಯ ಕಂಬಕ್ಕೆ ಕಟ್ಟಲಾಗಿತ್ತು. ಪ್ರವಾದಿ(ಸ)ರು ದಿನವೂ ಅವನ ಬಳಿಗೆ ಬಂದು ಮಾತನಾಡಿಸಿದರು. ಮೂರನೆಯ ದಿನ ಬಿಟ್ಟುಬಿಡಲು ಹೇಳಿದರು. ಬಿಡುಗಡೆಯಾದವನು ತಾನಾಗಿಯೇ ಮರಳಿ ಬಂದು ಸತ್ಯವನ್ನು ಸ್ವೀಕರಿಸಿದನು. ಮುಂದೆ ಖಲೀಫ ಉಮರ್(ರ)ರ ಕಾಲದಲ್ಲಿ ಮಕ್ಕಾದಲ್ಲಿ ಸಫ್ವಾನ್ ಬಿನ್ ಉಮಯ್ಯಾರ ಮನೆಯನ್ನು 4,000 ದಿರ್ಹಮಿಗೆ ಕೊಂಡು ಸೆರೆಮನೆ ಮಾಡಲಾಯಿತು.

ಇಮಾಮ್ ಅಬೂ ಹನೀಫಾರವರು ಅಧಿಕಾರದ ಪದವಿಯನ್ನು ನಿರಾಕರಿಸಿ ಸೆರೆಯ ಕಷ್ಟ ಉಂಡವರು. ಅವರ ಶಿಷ್ಯ ಇಮಾಮ್ ಅಬೂ ಯೂಸುಫ್ ಮುಂದೆ ಖಲೀಫ ಹಾರೂನ್ ರಶೀದರ ಮುಖ್ಯ ನ್ಯಾಯಾಧೀಶರಾದಾಗ ಕೈದಿಗಳನ್ನು ಮರೆಯಲಿಲ್ಲ. ಕಿತಾಬುಲ್ ಖರಾಜ್ ಎಂಬ ಕೃತಿಯಲ್ಲಿ ಅವರು ಖಲೀಫರಿಗೆ ಸಲಹೆಗಳನ್ನು ಕೊಟ್ಟರು. ಬಡ ಕೈದಿಗೆ ಖಜಾನೆಯಿಂದ ತಿಂಗಳಿಗೆ ಹತ್ತು ದಿರ್ಹಮ್ ಕೊಡಬೇಕು, ಅದು ಕಾವಲುಗಾರರ ಪಾಲಾಗದೆ ಅವನ ಕೈಗೇ ಸೇರಬೇಕು, ಚಳಿಗೂ ಬೇಸಿಗೆಗೂ ತಕ್ಕ ಬಟ್ಟೆ ಇರಬೇಕು, ಸರಪಳಿ ತೊಟ್ಟು ಬೀದಿಯಲ್ಲಿ ಭಿಕ್ಷೆ ಬೇಡುವ ಅವಮಾನ ತಪ್ಪಬೇಕು, ದಿಕ್ಕಿಲ್ಲದೆ ಸತ್ತವನಿಗೆ ಸರಕಾರವೇ ಕಫನ್ ಹೊದಿಸಿ ದಫನ್ ಮಾಡಬೇಕು ಎಂದರು. ಪ್ರಕರಣಗಳನ್ನು ಆಗಾಗ ಪರಿಶೀಲಿಸಿದರೆ ಸೆರೆಯಲ್ಲಿ ಜನ ಕಡಿಮೆಯಾಗುತ್ತಾರೆಂದೂ ಅವರು ತಿಳಿಸಿದರು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಮಾತು ಇದು.

ಇಂದಿನ ಕಾನೂನಿನಲ್ಲಿ ದೀರ್ಘ ಶಿಕ್ಷೆ

ಇನ್ನು ನಮ್ಮ ಕಾಲಕ್ಕೆ ಬರೋಣ. ಗಡೀಪಾರು ಎಂಬ ಶಿಕ್ಷೆ 1956ರ ಜನವರಿ 1ರಿಂದ ಇಲ್ಲವಾಯಿತು. ಅದರ ಜಾಗಕ್ಕೆ ಜೀವಾವಧಿ ಸೆರೆವಾಸ ಬಂದಿತು. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂಬ ಮಾತನ್ನು ನೀವು ಕಟ್ಟೆಯ ಮೇಲೆ ಕೇಳಿರುತ್ತೀರಿ. ಇದು ತಪ್ಪು ತಿಳಿವಳಿಕೆ. ಜೀವಾವಧಿ ಎಂದರೆ ಉಸಿರಿರುವವರೆಗೆ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಸ್ಪಷ್ಟಪಡಿಸಿತು. ಕಾನೂನಿನಲ್ಲಿ ಬರುವ ಇಪ್ಪತ್ತು ವರ್ಷದ ಮಾತು ಶಿಕ್ಷೆಯ ಅರ್ಧ, ಕಾಲು ಎಂದು ಭಾಗ ಲೆಕ್ಕ ಹಾಕುವುದಕ್ಕಾಗಿ ಮಾತ್ರ ಇದೆ. ಹಾಗಾದರೆ ಹದಿನಾಲ್ಕು ಎಲ್ಲಿಂದ ಬಂತು? ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಆದವನನ್ನು, ಅಥವಾ ಮರಣದಂಡನೆಯಿಂದ ಜೀವಾವಧಿಗೆ ಇಳಿದವನನ್ನು, ಹದಿನಾಲ್ಕು ವರ್ಷ ಪೂರ್ತಿ ಒಳಗೆ ಕಳೆಯುವ ಮೊದಲು ಸಾಮಾನ್ಯ ಕಾನೂನಿನ ರಿಯಾಯಿತಿಯಲ್ಲಿ ಬಿಡಬಾರದೆಂಬ ನಿಯಮ 1978ರಲ್ಲಿ ಬಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 475ನೆಯ ಕಲಮಿನಲ್ಲೂ ಅದೇ ಇದೆ. ಅಂದರೆ ಹದಿನಾಲ್ಕು ವರ್ಷಕ್ಕೆ ಬಾಗಿಲು ತಾನಾಗಿ ತೆರೆಯುವುದಿಲ್ಲ. ಬಾಗಿಲು ತಟ್ಟುವ ಅವಕಾಶ ಅಲ್ಲಿಂದ ಆರಂಭವಾಗುತ್ತದೆ ಅಷ್ಟೇ. ನಡತೆ, ಅಪರಾಧದ ಬಗೆ ಮುಂತಾದವನ್ನು ನೋಡಿ ಸರಕಾರ ತೀರ್ಮಾನಿಸುತ್ತದೆ. ಕರ್ನಾಟಕದಿಂದ ಹೋದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ಮರಣದಂಡನೆಯ ಬದಲಿಗೆ ರಿಯಾಯಿತಿಯಿಲ್ಲದ ಜೀವಾವಧಿಯನ್ನೂ ವಿಧಿಸಬಹುದೆಂದು ಹೇಳಿತು. ಇವೆಲ್ಲದರ ಮೇಲೆ ರಾಷ್ಟ್ರಪತಿಗಳಿಗೂ ರಾಜ್ಯಪಾಲರಿಗೂ ಸಂವಿಧಾನವು ಕ್ಷಮಾದಾನದ ಅಧಿಕಾರ ಕೊಟ್ಟಿದೆ.

ಇನ್ನೂ ದೊಡ್ಡ ದುಃಖ ಬೇರೆ ಇದೆ. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಅವರ ಸೆರೆಗೆ ಅಂಕಿಯೇ ಇಲ್ಲ. ಎಷ್ಟು ವರ್ಷ ಎಂದು ಅವರ ತಾಯಂದಿರು ಕೇಳಿದರೆ ಯಾರೂ ಉತ್ತರ ಹೇಳಲಾರರು. ಹೊಸ ಸಂಹಿತೆಯ 479ನೆಯ ಕಲಮು ಇವರಿಗೆ ಒಂದು ದಾರಿ ತೋರಿಸುತ್ತದೆ. ಆರೋಪಿಸಿದ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದವರಿಗೆ, ಹಿಂದೆ ಎಂದೂ ಶಿಕ್ಷೆಯಾಗದವರಾದರೆ ಮೂರನೇ ಒಂದು ಭಾಗ ಕಳೆದವರಿಗೆ, ಬಿಡುಗಡೆಯ ಅವಕಾಶವಿದೆ. ಮರಣದಂಡನೆ ಅಥವಾ ಜೀವಾವಧಿಯ ಆರೋಪ ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಇದ್ದವರಿಗೂ ಅಡ್ಡಿಯಿದೆ. ಶಿಕ್ಷೆಯಾದ ಮೇಲೆ, ವಿಚಾರಣೆಯ ಕಾಲದಲ್ಲಿ ಒಳಗೆ ಕಳೆದ ದಿನಗಳನ್ನು ಶಿಕ್ಷೆಯ ಲೆಕ್ಕದಲ್ಲಿ ಕಳೆಯುವ ವ್ಯವಸ್ಥೆಯೂ ಇದೆ. ಇವನ್ನೆಲ್ಲ ಕೇಳಿ ಪಡೆಯಲು ಯಾರಾದರೂ ಹೊರಗಿನವರು ಓಡಾಡಬೇಕು.

ನಿಮ್ಮ ಪಾಲಿನ ಕೆಲಸ

ಪ್ರಿಯ ಓದುಗರೇ, ಇಲ್ಲಿಯೇ ನಿಮ್ಮ ಪಾತ್ರ ಬರುತ್ತದೆ. ಅಪರಾಧ ಮಾಡಿದವನಿಗೆ ಶಿಕ್ಷೆ ಬೇಡವೆಂದು ಯಾರೂ ಹೇಳುವುದಿಲ್ಲ. ಅನ್ಯಾಯಕ್ಕೆ ಒಳಗಾದವರ ಕಣ್ಣೀರಿಗೂ ಬೆಲೆಯಿದೆ. ಆದರೆ ಸೆರೆವಾಸದ ತೀರ್ಪಿನಲ್ಲಿ ನ್ಯಾಯಾಧೀಶರು ಕಿತ್ತುಕೊಂಡದ್ದು ಅವನ ಸ್ವಾತಂತ್ರ್ಯವನ್ನು ಮಾತ್ರ. ಅವನ ಭರವಸೆಯನ್ನು ಕಿತ್ತುಕೊಳ್ಳಲು ಯಾವ ನ್ಯಾಯಾಲಯವೂ ನಮಗೆ ಅಪ್ಪಣೆ ಕೊಟ್ಟಿಲ್ಲ.

ನಿಮ್ಮ ಊರಲ್ಲಿ, ನಿಮ್ಮ ಓಣಿಯಲ್ಲಿ ಇಂತಹ ಮನೆಯೊಂದು ಇರಬಹುದು. ಆ ಮನೆಯ ಮಕ್ಕಳ ಶಾಲೆ ನಿಲ್ಲದಂತೆ ನೋಡಿಕೊಳ್ಳಿ. ಆ ತಾಯಿ ಬಸ್ಸು ಹತ್ತುವ ದಿನ ಒಮ್ಮೆಯಾದರೂ ಜೊತೆಗೆ ಹೋಗಿ. ಸೆರೆಯಲ್ಲಿರುವವನಿಗೆ ಕಾಗದ ಬರೆಯಿರಿ, ಊರ ಸುದ್ದಿ ತಿಳಿಸಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರಾದರೂ ಕೈಚೆಲ್ಲಿ ಕುಳಿತಿದ್ದರೆ ಅವರನ್ನು ತಾಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ಯಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಬಂಧನದಲ್ಲಿರುವ ವ್ಯಕ್ತಿಗೆ ಅವನ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಅವಧಿ ಮುಗಿಸಿ ಬಂದವನನ್ನು ಅಂಗಡಿಯಲ್ಲಿ, ಹೊಲದಲ್ಲಿ, ಮಸೀದಿಯ ಸಾಲಿನಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಳ್ಳಿ. ಒಳಗಿರುವವನಾಗಲಿ ಅವನ ಮನೆಯವರಾಗಲಿ ಬದುಕೇ ಬೇಡವೆಂಬ ಮಾತಾಡಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೈಲಿನ ಅಧಿಕಾರಿಗಳಿಗೆ, ವೈದ್ಯರಿಗೆ ಅಂದೇ ತಿಳಿಸಿ. ಅವನನ್ನು ಒಂಟಿಯಾಗಿ ಬಿಡಬೇಡಿ. ಆಹಾರದ ಆಸೆ ತಮಗಿದ್ದರೂ ಬಡವನಿಗೆ, ಅನಾಥನಿಗೆ, ಸೆರೆಯಾಳಿಗೆ ಉಣಿಸುವವರನ್ನು ಪವಿತ್ರ ಕುರ್‌ಆನ್ ಸಜ್ಜನರ ಸಾಲಿನಲ್ಲಿ ಇರಿಸಿದೆ.

ಮುಂದೊಮ್ಮೆ ಜೇವರ್ಗಿಯ ದಾರಿಯಲ್ಲಿ ಸುರಪುರಕ್ಕೆ ಹೋದರೆ ಆ ಗುಡ್ಡಗಳ ಕಡೆಗೆ ಒಮ್ಮೆ ನೋಡಿ. ಸಾವಿಗೆ ಹೆದರದ ಒಬ್ಬ ಯುವಕ ಅಲ್ಲಿದ್ದನು. ಅವನಿಗೆ ಬೇಕಾಗಿದ್ದುದು ನಾಲ್ಕು ವರ್ಷದ ಆಚೆಗೆ ಬೆರಳು ಮಾಡಿ ತೋರಿಸುವ ಒಬ್ಬ ಮನುಷ್ಯ. ಅವನಿಗಾಗಿ ಇಂದು ನಾವು ಏನೂ ಮಾಡಲಾರೆವು. ಆದರೆ ನಾಳೆ ಬೆಳಗಿನ ಬಸ್ಸಿನಲ್ಲಿ ಗಂಟು ಹಿಡಿದು ಕುಳಿತ ತಾಯಿಯ ಮಗ ಇನ್ನೂ ಬದುಕಿದ್ದಾನೆ.

ಸೆರೆಯಲ್ಲಿರುವವರ ಎದೆಯಲ್ಲಿ ಭರವಸೆಯನ್ನು, ಹೊರಗಿರುವ ನಮ್ಮ ಎದೆಯಲ್ಲಿ ಕರುಣೆಯನ್ನು ಅಲ್ಲಾಹನು ಕರುಣಿಸಲಿ. ಆಮೀನ್.